ಕಿವಿ ಕೇಳದ ತಾಯಿಗೆ ದಿನಕ್ಕೊಂದು ಸಾಲು

ನಮ್ಮೂರ ತಾಯಿಗೆ ಕಿವಿ ಕೇಳಿಸುವುದಿಲ್ಲ. ಹಾಗಾಗಿ ನಮ್ಮ ಗುಡಿಯಲ್ಲಿ ಗಂಟೆ ಇಲ್ಲ, ಜಾಗಟೆ ಇಲ್ಲ, ಮಂಗಳಾರತಿಗೆ ಹಾಡುವವರೂ ಇಲ್ಲ. ಮನೆಯಲ್ಲಿ ಅತ್ತೆಯ ಕಿವಿಗೆ ಬೀಳಬಾರದ ಜಗಳವಿದ್ದರೆ ಗಂಡ ಹೆಂಡಿರು ಗುಡಿಗೆ ಬಂದು ಮುಗಿಸಿಕೊಂಡು ಹೋಗುತ್ತಾರೆ. ತಾಯಿಗೆ ಹೇಳುವುದೇನಿದ್ದರೂ ಬರೆದು ಹೇಳಬೇಕು. ಬರೆದ ಹಾಳೆಯನ್ನು ಸಂಜೆ ದೀಪ ಹಚ್ಚುವಾಗ ಅವಳ ಪಾದದ ಬಳಿ ಇಟ್ಟರೆ ಬೆಳಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಅಕ್ಷರಗಳು ಹೋಗಿ ಹಾಳೆ ಖಾಲಿಯಾಗಿರುತ್ತದೆ. ಖಾಲಿಯಾದರೆ ಓದಿದಳು ಎಂದು ಅರ್ಥ. ಕೊಟ್ಟಳು ಎಂದು ಅರ್ಥವಲ್ಲ. ಅದು ಬೇರೆ ಮಾತು. ಅದನ್ನು ನಮ್ಮ ಜನ ಬೇಗ ಮರೆಯುತ್ತಾರೆ.

ಬರೆಯುವ ಕೆಲಸ ನಮ್ಮ ಮನೆತನದ್ದು. ನನ್ನ ಮುತ್ತಜ್ಜ ಎಲ್ಲಿಂದಲೋ ಹನ್ನೆರಡು ದಪ್ಪ ಹಾಳೆ ತಂದಿದ್ದನಂತೆ. ಹದಿಮೂರನೆಯದು ಬೇಕಾಗಲೇ ಇಲ್ಲ. ಅವುಗಳ ಅಂಚು ನಾಲ್ಕು ತಲೆಮಾರಿನ ಬೆರಳಿನ ಎಣ್ಣೆ ಕುಡಿದು ಕಂದಿದೆ. ಎಷ್ಟು ಮದುವೆ, ಎಷ್ಟು ಜ್ವರ, ಎಷ್ಟು ಹೊಲದ ಬದುವಿನ ವ್ಯಾಜ್ಯ ಆ ಹನ್ನೆರಡು ಹಾಳೆಗಳ ಮೇಲೆ ಬಂದು ಹೋಗಿವೆಯೋ, ಒಂದರ ಗುರುತೂ ಉಳಿದಿಲ್ಲ. ಬೇರೆಯವರ ಕೈಬರಹ ಅವಳಿಗೆ ಹತ್ತುವುದಿಲ್ಲ. ವಯಸ್ಸಾದವರು ಒಂದು ದನಿಗೆ ಒಗ್ಗಿಕೊಂಡು ಉಳಿದವರು ಹೇಳಿದ್ದು ತಿಳಿಯದೆ ಕೂರುವುದಿಲ್ಲವೇ, ಹಾಗೆ. ಒಮ್ಮೆ ನಾನು ಕಾಯಿಲೆಯಿಂದ ಮಲಗಿದ್ದಾಗ ಶಾಲೆಯ ಮಾಸ್ತರರು ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದಿಟ್ಟರು. ಬೆಳಗ್ಗೆ ನೋಡಿದರೆ ಮುತ್ತೆಲ್ಲ ಇಟ್ಟಲ್ಲೇ ಇತ್ತು. ಅವರು ಒಂದು ತಿಂಗಳು ಗುಡಿಯ ಮುಂದೆ ಹಾಯುವಾಗ ಎದುರು ಸಾಲಿನ ಮನೆಗಳನ್ನು ನೋಡುತ್ತ ಹೋದರು.

ನಾನು ಮೂವತ್ತು ವರ್ಷ ಬರೆದೆ. ಚೆನ್ನಾಗಿ ಬರೆಯುತ್ತೇನೆ ಎಂಬ ಮಾತಿತ್ತು. ಬರೆದದ್ದನ್ನು ಯಾರಿಗೂ ಓದಿ ಹೇಳುವ ಪದ್ಧತಿ ಇರಲಿಲ್ಲವಾದ್ದರಿಂದ ಆ ಮಾತು ಹೇಗೆ ಹುಟ್ಟಿತೋ ಗೊತ್ತಿಲ್ಲ, ನನಗಂತೂ ಅದರ ಮೇಲೆ ಸಂಶಯವಿರಲಿಲ್ಲ. ಜನ ಒಂದು ಮಾತು ಹೇಳಿದರೆ ನಾನು ನಾಲ್ಕು ಸೇರಿಸುತ್ತಿದ್ದೆ. ಕೂಸಿಗೆ ಹಲ್ಲು ಬರಲಿ ಎಂದರೆ ಮೊಲ್ಲೆಯ ಮೊಗ್ಗಿನಂಥ ಹಲ್ಲು ಎಂದು ಬರೆಯುತ್ತಿದ್ದೆ. ತಾಯಿಗೂ ಬೇಸರ ಬರಬಾರದಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಆ ವರ್ಷ ಆಷಾಢದಲ್ಲಿ ಶಾವಂತ್ರೆವ್ವ ಬಂದಳು. ಅವಳ ಗಂಡ ಮೈಲಾರಪ್ಪ ಪಾತ್ರೆಗಳಿಗೆ ಕಲಾಯಿ ಹಾಕುವವನು. ಒಲೆಗೆ ಗಾಳಿ ಊದುವ ತಿದಿ ಹೆಗಲಿಗೇರಿಸಿ ಹೊರಟನೆಂದರೆ ಯಾವ ಊರಿನ ಯಾವ ಮರದ ಕೆಳಗೆ ಒಲೆ ಹೂಡುತ್ತಾನೋ, ಎಂದು ತಿರುಗುತ್ತಾನೋ ಅವನಿಗೇ ಗೊತ್ತಿರುವುದಿಲ್ಲ. ಆ ಸಲ ಹೋಗಿ ಒಂದೂವರೆ ವರ್ಷವಾಗಿತ್ತು. ಶಾವಂತ್ರೆವ್ವ ಕಂಬಕ್ಕೆ ಒರಗಿ ಕೂತು, "ಮನಿಗಿ ಬರ್ಲಿ ಅಂತ ಬರಿ, ಗುರುಸಿದ್ದಣ್ಣಾ. ಅಷ್ಟ ಸಾಕು" ಎಂದಳು.

ನಾನು ಅಷ್ಟನ್ನು ಬರೆದೆ. ಬರೆದ ಮೇಲೆ ಹಾಳೆಯಲ್ಲಿ ಜಾಗ ಉಳಿದಿತ್ತು, ಲೇಖನಿಯಲ್ಲಿ ಮಸಿಯೂ ಉಳಿದಿತ್ತು. 'ಬಂದವನ ಪಾದಗಳು ನಿನ್ನ ಮಗಳ ಹೊಸ್ತಿಲಿಗೆ ಬಳ್ಳಿಯಂತೆ ಸುತ್ತಿಕೊಳ್ಳಲಿ, ಮತ್ತೆಂದೂ ಬಿಡಿಸಿಕೊಳ್ಳದಿರಲಿ' ಎಂದು ಸೇರಿಸಿದೆ. ಸಂಜೆಯವರೆಗೆ ಆ ಸಾಲನ್ನು ಎರಡು ಸಲ ಓದಿಕೊಂಡೆ. ಅಷ್ಟು ಹಿಡಿಸಿತ್ತು.

ಹತ್ತು ದಿನದಲ್ಲಿ ಮೈಲಾರಪ್ಪ ಬಂದ. ಶಾವಂತ್ರೆವ್ವ ಹೋಳಿಗೆ ಮಾಡಿ ಅಕ್ಕಪಕ್ಕದವರಿಗೂ ಕೊಟ್ಟಳು. ಐದನೆಯ ದಿನ ಅವನು ಊರ ಬಾಗಿಲಿನ ಅಗಸಿಯ ಕಟ್ಟೆಗೆ ಹೋಗಿ ಬರುತ್ತೇನೆಂದು ಎದ್ದ. ಹೊಸ್ತಿಲ ಹತ್ತಿರ ಒಂದು ಕಾಲು ಎತ್ತಿದವನು ಸೊಂಟ ಮುಟ್ಟಿ ನೋಡಿಕೊಂಡು, "ಏನೋ ಒಳಗ ಬಿಟ್ಟೆ" ಎಂದು ತಿರುಗಿದ. ಒಳಗೆ ಹುಡುಕಿದ. ಏನೂ ಸಿಗಲಿಲ್ಲ. ಮತ್ತೆ ಹೊಸ್ತಿಲಿಗೆ ಬಂದ, ಮತ್ತೆ ಏನೋ ಮರೆತಂತಾಯಿತು. ಆ ದಿನ ಮಧ್ಯಾಹ್ನದವರೆಗೆ ಅವನು ಹಾಗೆ ತಿರುಗಿದ್ದು ನಲವತ್ತು ಸಲ ಎಂದು ಎದುರು ಮನೆಯವರು ಹೇಳಿದರು. ಮರುದಿನವೂ ಅಷ್ಟೇ, ಹಿತ್ತಲ ಬಾಗಿಲಲ್ಲೂ ಅಷ್ಟೇ. ನಾಗರ ಪಂಚಮಿ ಕಳೆಯಿತು, ಗಣಪತಿ ಬಂದು ಹೋದ, ಮೈಲಾರಪ್ಪ ಮನೆ ಬಿಟ್ಟು ಹೊರಗೆ ಬರಲಿಲ್ಲ.

ಊರು ಅದಕ್ಕೂ ಹೊಂದಿಕೊಂಡಿತು. ಅವನು ಬರಲಾರನಾದರೆ ಪಾತ್ರೆಗಳು ಹೋಗಬಲ್ಲವು ಎಂದು ಜನ ತಪ್ಪಲೆ, ತಂಬಿಗೆ, ಪರಾತ ಎಲ್ಲ ಹೊತ್ತುಕೊಂಡು ಅವನ ಮನೆಗೆ ಹೋದರು. ಅವನು ಪಡಸಾಲೆಯಲ್ಲೇ ಒಲೆ ಹೂಡಿದ. ಕಾದ ಹಿತ್ತಾಳೆಯ ಮೇಲೆ ನವಸಾಗರದ ಪುಡಿ ಉದುರಿಸಿದಾಗ ಏಳುವ ಬಿಳಿ ಹೊಗೆ ಬಯಲಿನಲ್ಲಿ ಗಾಳಿಗೆ ಹೋಗಿಬಿಡುತ್ತದೆ, ಮನೆಯೊಳಗೆ ಅದಕ್ಕೆ ದಾರಿಯಿಲ್ಲ. ದೀಪಾವಳಿಯ ಹೊತ್ತಿಗೆ ಊರಿನ ಪಾತ್ರೆಗಳೆಲ್ಲ ಎರಡೆರಡು ಸಲ ಬೆಳ್ಳಗಾಗಿದ್ದವು, ಮೈಲಾರಪ್ಪ ಕೆಮ್ಮಲು ಶುರುಮಾಡಿದ್ದ.

ಯಾರೂ ನನ್ನನ್ನು ಕೇಳಲಿಲ್ಲ. ಹಾಳೆ ಖಾಲಿಯಾಗಿತ್ತು. ಅದರ ಮೇಲೆ ಏನಿತ್ತು ಎಂಬುದು ತಾಯಿಗೆ ಗೊತ್ತು, ನನಗೆ ಗೊತ್ತು.

ಹಾಗಿರುವಾಗ ಒಬ್ಬ ರೈತ ಎತ್ತು ಕಳೆದುಕೊಂಡು ಬಂದ. ಎತ್ತು ಮರಳಿ ಬರಲಿ ಎಂದು ಬರೆದೆ. ಬರೆದವನಿಗೆ, ಸತ್ತು ಬಂದರೇನು ಗತಿ ಎನ್ನಿಸಿತು. ಜೀವಂತವಾಗಿ ಎಂದು ಸೇರಿಸಿದೆ. ಕುಂಟಿಕೊಂಡು ಬಂದರೆ? ನಾಲ್ಕೂ ಕಾಲು ನೆಟ್ಟಗಿದ್ದು ಎಂದು ಬರೆದೆ. ಬೇರೆಯವರ ಬೆಳೆ ತುಳಿಯದೆ, ದಾರಿಯಲ್ಲಿ ಯಾರನ್ನೂ ಹಾಯದೆ, ಇದೇ ಎತ್ತು, ಇವನ ಕೊಟ್ಟಿಗೆಗೇ. ಹಾಳೆ ತುಂಬಿತು, ಬೆನ್ನಿಗೂ ಬರೆದೆ. ರೈತ ಆಕಳಿಸುತ್ತ, "ಒಂದ್ ಎತ್ತಿಗೆ ಇಷ್ಟೇನಣ್ಣಾ?" ಎಂದ. ಅದನ್ನು ಇಡಲಿಲ್ಲ, ತೊಳೆದುಬಿಟ್ಟೆ. ಹೊಸದಾಗಿ 'ತಾಯೇ' ಎಂದು ಬರೆದು ಮುಂದಿನ ಮಾತಿಗೆ ಕೈ ಎತ್ತಿದೆ. ಕೈ ಅಲ್ಲೇ ನಿಂತಿತು. ಯಾವ ಮಾತನ್ನು ಮುಟ್ಟಿದರೂ ಅದರ ಕೆಳಗೊಂದು ಗುಂಡಿ ಇದ್ದಂತೆ ಕಾಣುತ್ತಿತ್ತು. ಆ ದಿನ 'ತಾಯೇ' ಎಂಬುದೊಂದನ್ನೇ ಇಟ್ಟು ಬಂದೆ. ಮರುದಿನದಿಂದ ಅದನ್ನೂ ಬರೆಯಲಾಗಲಿಲ್ಲ.

ಬರೆಯದೆ ನಾಲ್ಕು ದಿನವಾದರೆ ಐದನೆಯ ದಿನ ಕೂರುವುದೇ ಕಷ್ಟ. ನಾನು ಮಸಿ ಅರೆಯುತ್ತಿದ್ದೆ. ಹಣತೆಯ ಕಾಡಿಗೆಗೆ ಜಾಲಿಯ ಅಂಟು ಸೇರಿಸಿ ಬೇಕಾದದ್ದಕ್ಕಿಂತ ನುಣ್ಣಗೆ ಅರೆಯುತ್ತಿದ್ದೆ. ಲೇಖನಿಯ ಮೊನೆ ಕೆತ್ತುತ್ತಿದ್ದೆ. ಕೆತ್ತಿ ಕೆತ್ತಿ ಅದು ಕಿರುಬೆರಳಿನಷ್ಟಾಯಿತು. ಬಂದವರಿಗೆ ಕೈ ಉಳುಕಿದೆ ಎನ್ನುತ್ತಿದ್ದೆ. ಜನ ಇದಕ್ಕೂ ಹೊಂದಿಕೊಂಡರು. ಎತ್ತು ಕಳೆದವನು ಅದರ ಹಗ್ಗ ತಂದು ತಾಯಿಯ ಮುಂದಿಟ್ಟ. ಮಕ್ಕಳಿಲ್ಲದವಳು ಕೂಸಿನ ತಲೆಯ ಕುಲಾವಿ ಇಟ್ಟಳು. ಕೆಲವರು ಗರ್ಭಗುಡಿಯ ಮುಂದೆ ನಿಂತು ಕೈಸನ್ನೆಯಲ್ಲೇ ಬಾವಿ ತೋಡಿಸಿದರು, ಸೊಸೆಗೆ ಬುದ್ಧಿ ಹೇಳಿಸಿದರು. ಎತ್ತು ಬಂತು. ಹಗ್ಗ ನೋಡಿ ತಾಯಿ ಕಳಿಸಿದಳೋ, ಹಸಿವಾಗಿ ಅದೇ ಬಂತೋ ಹೇಳುವವರಿಲ್ಲ.

ಮಾರ್ಗಶಿರದ ಒಂದು ಮಂಗಳವಾರ ಶಾವಂತ್ರೆವ್ವ ಬಂದಳು. "ಅವನ್ನ ಬಿಡು ಅಂತ ಬರಿಯಣ್ಣಾ" ಎಂದಳು. "ರಕ್ತ ಬೀಳಾಕ ಹತ್ತೈತಿ ಕೆಮ್ಮಿದಾಗ. ವೈದ್ಯರು ಬಯಲ ಗಾಳಿ ಬೇಕಂತಾರ. ಬಯಲಿಗಿ ಕರಕೊಂಡು ಹೋಗಾಕ ಹೊಸ್ತಿಲ ದಾಟವಲ್ಲ."

"ಕೈ ಉಳುಕೈತಿ" ಎಂದೆ.

ಅವಳು ನನ್ನ ಕೈ ನೋಡಿದಳು. ಅದರಲ್ಲಿ ಮಸಿಯ ಕುಟ್ಟಾಣಿ ಇತ್ತು. ಎದ್ದು ಹೋದಳು. ಮುಂದಿನ ಮಂಗಳವಾರ ಮತ್ತೆ ಬಂದಳು, ಅದರ ಮುಂದಿನದಕ್ಕೂ.

ನಮ್ಮ ಗುಡಿಯ ಕಸ ಹೊಡೆಯುವ ನೀಲಗಂಗವ್ವ ಇದನ್ನೆಲ್ಲ ನೋಡುತ್ತಿದ್ದಳು. ನಾನು ಬರೆಯಲು ಕೂರುವ ಮುಂಚಿನಿಂದಲೂ ಆ ಅಂಗಳ ಅವಳದು. ಮೂರನೆಯ ಮಂಗಳವಾರ ಶಾವಂತ್ರೆವ್ವ ಹೋದ ಮೇಲೆ ಕಸಬರಿಗೆ ಮೂಲೆಗಿಟ್ಟು ನನ್ನ ಎದುರಿಗೆ ಕೂತಳು. ಕೂರಲು ಅವಳಿಗೆ ಹೊತ್ತು ಹಿಡಿಯುತ್ತದೆ, ಮೊಳಕಾಲು ನೋವು.

"ಉಳುಕಿದ್ದು ಕೈ ಅಲ್ಲ ಬಿಡು" ಎಂದಳು. "ನಾನೂ ಒಂದ್ಸಲ ಹದಿನೈದು ದಿನ ಜ್ವರ ಬಂದು ಮಲಗಿದ್ದೆ. ಎದ್ದು ಬಂದು ನೋಡಿದ್ರ ಅಂಗಳ ತುಂಬ ಬೇವಿನ ಎಲಿ. ಕಸಬರಿಗಿ ಹಿಡದ್ರ ಕೈಗೆ ಅದರ ಗುರ್ತ ಸಿಗವಲ್ದು. ಇದೆಲ್ಲಾ ನಾ ಹೊಡೀಬೇಕಲ್ಲಪ್ಪಾ ಅಂತ ಎದಿ ಒಡೀತು."

"ಏನ್ ಮಾಡ್ದಿ ಮತ್ತ?"

"ಒಂದು ಮೂಲಿ ಹೊಡದು ಮನಿಗಿ ಹೋದೆ. ಮರುದಿನ ಇನ್ನೊಂದು ಮೂಲಿ." ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಅಗಿದಳು. "ನಿಮ್ಮ ಮನಿಯವರು ನಾಕು ತಲಿ ಆತು ಅಕಿಗೆ ಬರ್ಯಾಕ ಹತ್ತಿ. ಎಲ್ಲಾ ಬೇಡಿಕಿ. ಕೊಡು ಇಲ್ಲಾ ತಗಿ. ಯಾರಾದ್ರೂ ಅಕಿ ಮುಂದ ಕುಂತು ಸುಮ್ಮ ಒಂದು ಮಾತು ಆಡೀರೇನು, ತಮ್ಮಾ?"

"ಸುಮ್ಮ ಅಂದ್ರ ಏನಂತ ಆಡೋದು?"

"ಮುದುಕ್ಯಾರ ಹತ್ರ ಏನ್ ಆಡ್ತಾರ? ಇವತ್ತ ಛಳಿ ಐತಿ. ಯಾರದೋ ಎಮ್ಮಿ ಈತು. ಬ್ಯಾಳಿ ಬೇಯಲಿಲ್ಲ. ಅಷ್ಟ ಬರದು ಏಳು. ಬೇಡಬ್ಯಾಡ."

ಮರುದಿನ ಹಾಲು ಕರೆಯುವ ಹೊತ್ತಿಗೆ ಗುಡಿಗೆ ಹೋಗಿ ಕೂತೆ. ಏಳುವಾಗ ಮಧ್ಯಾಹ್ನವಾಗಿತ್ತು. ಹಾಳೆಯ ಮೇಲೆ 'ಇವತ್ತು ಮೋಡವಿದೆ' ಎಂದು ಇತ್ತು. ಅದನ್ನು ಇಟ್ಟು ಮನೆಗೆ ಬಂದ ಮೇಲೂ, ಮೋಡ ಇನ್ನು ಎಂದಿಗೂ ಸರಿಯದೆ ಹೋದರೆ ಊರಿನ ಜೋಳದ ಗತಿಯೇನು ಎಂದು ಚಿಂತೆ. ಬೆಳಗ್ಗೆ ಎದ್ದರೆ ಅಂಗಳದಲ್ಲಿ ಬಿಸಿಲಿತ್ತು, ಹಾಳೆ ಖಾಲಿಯಾಗಿತ್ತು. ಬಿಸಿಲು ನೋಡಿ ಅಷ್ಟು ಸಮಾಧಾನಪಟ್ಟವನು ಆ ದಿನ ಊರಲ್ಲಿ ನಾನೊಬ್ಬನೇ ಇರಬೇಕು.

ಎರಡನೆಯ ದಿನ 'ಇವತ್ತು ಬಿಸಿಲು.' ಮೂರನೆಯ ದಿನ ಏನೂ ತೋಚಲಿಲ್ಲ, ಸುಮ್ಮನೆ ಕೂತು ಎದ್ದೆ. ನಾಲ್ಕನೆಯ ದಿನ ಮನಸ್ಸಿಲ್ಲದೆ ಹೋದೆ; ಗುಡಿಯ ಕಟ್ಟೆಯ ಮೇಲೆ ಬೆಕ್ಕು ಮರಿ ಹಾಕಿತ್ತು, ಅದನ್ನು ಬರೆದೆ. ಇನ್ನೊಂದು ದಿನ 'ನೀಲಗಂಗವ್ವನ ಮೊಳಕಾಲು ನೋಯುತ್ತಿದೆ' ಎಂದು ಬರೆದವನಿಗೆ, ಇದು ಬೇಡಿಕೆಯಾಯಿತೇನೋ ಎನ್ನಿಸಿತು. ಆದರೂ ಇಟ್ಟೆ. ಮರುದಿನ ಹಾಳೆ ಖಾಲಿ. ನೀಲಗಂಗವ್ವ ಎಂದಿನಂತೆ ಕಂಬ ಹಿಡಿದು ಎದ್ದಳು.

"ಏನೂ ಕಡಿಮಿ ಆಗಿಲ್ಲೇನು?" ಎಂದು ಕೇಳಿದೆ. ಯಾಕೆ ಕೇಳಿದೆ ಎಂದೂ ಹೇಳಿದೆ.

ಅವಳು ನಕ್ಕಳು. "ಓದ್ಯಾಳ, ಹೌದಾ ಅಂದು ಸುಮ್ಮನಾಗ್ಯಾಳ. ಅಕಿಗೂ ವಯಸ್ಸಾತಲ್ಲ, ಅಕಿ ಮೊಳಕಾಲೂ ನೋಯ್ತಿರ್ತಾವ."

ಅಂದಿನಿಂದ ಕೂರುವುದು ಸ್ವಲ್ಪ ಹಗುರವಾಯಿತು. ಮಧ್ಯಾಹ್ನವಾಗುತ್ತಿದ್ದದ್ದು ಹೊತ್ತೇರುವಷ್ಟರಲ್ಲಿ ಮುಗಿಯತೊಡಗಿತು. ನಡುವೆ ಒಂದು ದಿನ ಹಳೆಯ ಚಾಳಿ ಮರುಕಳಿಸಿ, ಹುಲ್ಲಿನ ಮೇಲಿನ ಇಬ್ಬನಿಯ ವಿಷಯ ಒಂದು ಪುಟ ಬರೆದೆ. ನೀಲಗಂಗವ್ವನಿಗೆ ಓದಲು ಬಾರದು. ದೂರದಿಂದಲೇ ಹಾಳೆ ನೋಡಿ, "ಇವತ್ತ ಅಕಿಗೆ ಕೆಲಸ ಹಚ್ಚಿದಿ ನೋಡು" ಎಂದಳು. ಸಂಕ್ರಾಂತಿ ಕಳೆದು ಶಿವರಾತ್ರಿ ಹತ್ತಿರ ಬಂತು. ಶಾವಂತ್ರೆವ್ವ ಎರಡು ಮಂಗಳವಾರ ಬರಲಿಲ್ಲ. ಮೂರನೆಯ ಮಂಗಳವಾರ ನಾನೇ ಅವಳ ಮನೆಗೆ ಹೋದೆ.

ಮೈಲಾರಪ್ಪ ಪಡಸಾಲೆಯಲ್ಲಿ ಒಲೆಯ ಮುಂದೆ ಕೂತಿದ್ದ. ಭುಜದ ಎಲುಬು ಅಂಗಿಯೊಳಗಿಂದ ಕಾಣುತ್ತಿತ್ತು. "ಬಾ ಅಣ್ಣಾ. ತಂಬಿಗಿ ತಂದಿಯೇನು?" ಎಂದ.

"ಇಲ್ಲ."

"ತರಬೇಕಾಗಿತ್ತು. ಊರಾಗಿನ ಪಾತ್ರಿ ಎಲ್ಲಾ ಮುಖ ನೋಡ್ಕೊಳ್ಳಂಗ ಆಗ್ಯಾವು. ನನ್ನ ಮುಖ ಒಂದ ನೋಡಂಗಿಲ್ಲ." ಹೇಳಿ ಕೆಮ್ಮಿದ. ಕೆಮ್ಮು ನಿಂತ ಮೇಲೆ ಉಗುಳಲು ಎದ್ದು ಬಾಗಿಲಿಗೆ ಹೋದ. ಹೊಸ್ತಿಲ ಹತ್ತಿರ ಸೊಂಟ ಮುಟ್ಟಿಕೊಂಡ, ತಿರುಗಿ ಒಳಗೆ ಬಂದು ಗೂಡಿನಲ್ಲಿ, ಚಾಪೆಯ ಕೆಳಗೆ ಹುಡುಕಿದ. ನಾನು ಅಲ್ಲಿದ್ದೇನೆ ಎಂಬುದನ್ನೇ ಮರೆತಿದ್ದ.

ಶಾವಂತ್ರೆವ್ವ ಹಿತ್ತಲಲ್ಲಿ ಹುಣಸೆಹಣ್ಣು ಹಚ್ಚಿ ತಪ್ಪಲೆ ತಿಕ್ಕುತ್ತಿದ್ದಳು. ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ, ಒಂದೂ ನೆನಪಾಗಲಿಲ್ಲ.

"ಶಾವಂತ್ರೆವ್ವಾ, ನೀ ಮನಿಗಿ ಬರ್ಲಿ ಅಂದಿದ್ದಿ. ನಾ ಬರದದ್ದು ಅಷ್ಟ ಅಲ್ಲ" ಎಂದು ಆ ಸಾಲನ್ನು ಹೇಳಿದೆ. ಪಾದ, ಹೊಸ್ತಿಲು, ಸುತ್ತಿಕೊಳ್ಳುವುದು, ಬಿಡಿಸಿಕೊಳ್ಳದಿರುವುದು, ಎಲ್ಲ.

ಅವಳ ಕೈ ತಪ್ಪಲೆಯೊಳಗೆ ನಿಂತಿತು. "ಬಳ್ಳಿ ಅಂತ ಬರದ್ಯಾ?"

"ಹೂಂ."

"ಯಾವ ಬಳ್ಳಿ?"

"ಯಾವ ಬಳ್ಳಿ ಅಂತ ಬರೀಲಿಲ್ಲ."

"ಹೀರಿ ಬಳ್ಳಿ ಅಂದಿದ್ರ ಇಷ್ಟೊತ್ತಿಗಿ ಒಣಗಿ ಬಿಡ್ತಿತ್ತು." ಮತ್ತೆ ತಿಕ್ಕತೊಡಗಿದಳು. ಆಮೇಲೆ ತಪ್ಪಲೆಗೆ ಹೇಳುವಂತೆ ಹೇಳಿದಳು: "ನಾ ಬಾಯಿಲೆ ಬರ್ಲಿ ಅಂದೆ. ಮನಸಿನ್ಯಾಗ ಅಂದದ್ದು ನೀ ಬರದದ್ದನ್ನ. ಬಂದಾಂವ ಇನ್ನ ಹೋಗದಂಗ ಆಗ್ಲಿ, ಕಾಲು ಮುರದ್ರೂ ಅಡ್ಡಿ ಇಲ್ಲ, ಅಂತ. ಎಷ್ಟು ವರ್ಷ ಒಬ್ಬಾಕಿ ಕುಂತು ಉಣ್ಣೋದು? ನಿನ್ನ ಬಳ್ಳಿ ಆದ್ರ ಮೆತ್ತಗ ಐತಿ. ನಂದು ಅಷ್ಟ ಮೆತ್ತಗ ಇರಲಿಲ್ಲ."

ತಿಕ್ಕಿದ ತಪ್ಪಲೆಯನ್ನು ತೊಳೆದು ಬೋರಲು ಹಾಕಿದಳು.

"ನಿನ್ನಿಂದ ಆತು ಅಂತ ನೀ ಕೈ ಕಟ್ಕೊಂಡು ಕುಂತಿ. ನನ್ನಿಂದ ಆತು ಅಂತ ನಾನು ಅವನ ಮುಖ ನೋಡಲಾರದ ಪಾತ್ರಿ ತಿಕ್ಕೀನಿ. ಅಕಿ ಯಾರದ್ದು ಓದಿದ್ಲೋ. ಹೋಗ್ಲಿ, ಈಗ ಬರೀತಿಯೋ ಇಲ್ಲೋ?"

ನನ್ನ ಅಕ್ಷರಕ್ಕೆ ಒಬ್ಬ ಮನುಷ್ಯನನ್ನು ಕಟ್ಟಿಹಾಕುವ ಬಲವಿದೆ ಎಂದು ನಾನು ಅಷ್ಟು ದಿನ ಹೆದರಿದ್ದೆ. ಆ ಹೆದರಿಕೆಯ ಒಳಗೆ ಸ್ವಲ್ಪ ಹೆಮ್ಮೆಯೂ ಇತ್ತು ಎಂಬುದು ಆ ಕಲ್ಲಿನ ಮೇಲೆ ಕೂತಾಗ ತಿಳಿಯಿತು. ತಿಳಿದದ್ದು ಹಿತವಾಗಿರಲಿಲ್ಲ. "ಬರೀತೀನಿ. ಏನು ಬರೀಲಿ, ನೀನ ಹೇಳು" ಎಂದೆ.

ಅವಳು ಕೈ ತೊಳೆದುಕೊಂಡು ನನ್ನ ಜೊತೆ ಗುಡಿಗೆ ಬಂದಳು. ನಾನು ಹಾಳೆ ಬಿಡಿಸಿ ಕೂತ ಮೇಲೆ, "ಹೋಗಿ ಬರ್ಲಿ" ಎಂದಳು.

ಇದು ನಮ್ಮ ಕಡೆ ಮನೆ ಬಿಡುವವರೆಲ್ಲ ದಿನಕ್ಕೆ ಹತ್ತು ಸಲ ಆಡುವ ಮಾತು. ಬಾವಿಗೆ ಹೋಗುವವಳೂ ಹೋಗಿ ಬರುತ್ತೇನೆ ಎನ್ನುತ್ತಾಳೆ. ಮೂವತ್ತು ವರ್ಷದಲ್ಲಿ ನಾನು ಅದನ್ನು ಒಮ್ಮೆಯೂ ಬರೆದಿರಲಿಲ್ಲ.

"ಯಾವಾಗ ಬರಬೇಕಂತ ಬರೀಲಿ?" ಎಂದು ಕೇಳಿದೆ.

ಅವಳು ತಾಯಿಯ ಕಡೆ ನೋಡಿದಳು. "ಅದನ್ನ ಬರೀಬ್ಯಾಡ."

'ಮೈಲಾರಪ್ಪ ಹೋಗಿ ಬರಲಿ' ಎಂದು ಬರೆದೆ. ಬರೆಯುವಾಗ ಗಾಳಿಯಂತೆ, ಹಕ್ಕಿಯಂತೆ ಎಂಬ ಮಾತುಗಳು ಬಂದವು. ಬೀದಿಯಲ್ಲಿ ಹೋಗುವ ಪರಿಚಯದವರನ್ನು ಕೂತಲ್ಲಿಂದಲೇ ನೋಡಿ ಬಿಡುವ ಹಾಗೆ ಅವುಗಳನ್ನೂ ಹೋಗಲು ಬಿಟ್ಟೆ. ಆಮೇಲೆ ನಮ್ಮ ಮನೆತನದಲ್ಲಿ ಯಾರೂ ಮಾಡದ ಒಂದು ಕೆಲಸ ಮಾಡಿದೆ. ಬರೆದದ್ದನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವಳು ಹೂಂ ಎಂದಳು. ಅಂಗಳದಿಂದ ನೀಲಗಂಗವ್ವ, "ಅಷ್ಟೇನಾ?" ಎಂದಳು. "ಅಷ್ಟ" ಎಂದೆ.

ಬೆಳಗ್ಗೆ ಹಾಳೆ ಖಾಲಿಯಾಗಿತ್ತು. ಅದನ್ನು ನೋಡಿಕೊಂಡು ಅವರ ಮನೆಯ ಕಡೆ ಹೋದೆ. ಮೈಲಾರಪ್ಪ ತಿದಿ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಶಾವಂತ್ರೆವ್ವ ರೊಟ್ಟಿಯ ಗಂಟು ಕೊಟ್ಟಳು. ಅವನು ಕಾಲು ಎತ್ತಿದ. ಸೊಂಟ ಮುಟ್ಟಿಕೊಳ್ಳಲಿಲ್ಲ. ಹೊಸ್ತಿಲು ದಾಟಿ, ಕಟ್ಟೆ ಇಳಿದು, ಬೀದಿಯ ನಡುವೆ ನಿಂತು ಒಂದು ಸಲ ಉಸಿರು ಎಳೆದುಕೊಂಡ. "ಹೋಗಿ ಬರ್ತೀನಿ" ಎಂದ. ಅವಳು ತಲೆಯಾಡಿಸಿದಳು. ಅಗಸಿಯ ತಿರುವಿನಲ್ಲಿ ಮರೆಯಾಗುವವರೆಗೆ ಕೆಮ್ಮು ಎರಡು ಸಲ ಕೇಳಿಸಿತು.

ಒಳಗೆ ಹೋದವಳು ಕೈಯಲ್ಲಿ ಅವನ ಎಲೆ ಅಡಿಕೆಯ ಸಂಚಿ ಹಿಡಿದು ಬಂದಳು. ಏಳು ತಿಂಗಳು ಏನನ್ನೂ ಮರೆಯದೆ ಹುಡುಕಿದವನು ಆ ದಿನ ನಿಜವಾಗಿಯೂ ಮರೆತು ಹೋಗಿದ್ದ. ಓಡಿಹೋಗಿ ಕೊಡಲೇ ಎಂದೆ. ಬೇಡ ಎಂದು ಅದನ್ನು ಬಾಗಿಲ ಪಕ್ಕದ ಗೂಟಕ್ಕೆ ಹಾಕಿದಳು.

ಆಮೇಲೆ ನಾನು ಮತ್ತೆ ಊರಿನವರ ಬಿನ್ನಹ ಬರೆಯತೊಡಗಿದೆ. ಬರೆದದ್ದನ್ನು ಓದಿ ಹೇಳುತ್ತೇನೆ, ಅವರು ತಿದ್ದುತ್ತಾರೆ. ಹೊತ್ತು ಹೆಚ್ಚು ಹಿಡಿಯುತ್ತದೆ, ಹಾಳೆ ಕಡಿಮೆ ಹಿಡಿಯುತ್ತದೆ. ಅದಕ್ಕೆ ಮೊದಲು, ಯಾರೂ ಬರುವ ಮುಂಚೆ, ಬೇಡಿಕೆಯಿಲ್ಲದ ಒಂದು ಸಾಲು. ಕೈ ಬಾರದ ದಿನಗಳು ಈಗಲೂ ಇವೆ. ಆಗ ಮೋಡವೋ ಬಿಸಿಲೋ ಬರೆದು ಏಳುತ್ತೇನೆ. ಶಾವಂತ್ರೆವ್ವ ನೀರಿಗೆ ಹೋಗುವಾಗ ಗುಡಿಯ ಮುಂದೆ ನಿಂತು, "ಇವತ್ತ ಏನ್ ಸುದ್ದಿ ಹೇಳಿದಿ ಅಕಿಗೆ?" ಎನ್ನುತ್ತಿದ್ದಳು. ಬಹಳ ದಿನ ನಾನು ಬರೆದದ್ದು ಒಂದೇ. 'ಮೈಲಾರಪ್ಪ ಇನ್ನೂ ಬಂದಿಲ್ಲ.' ಓದಿ ಹೇಳಿದರೆ ಅವಳು, "ಖರೇ ಐತಿ" ಎಂದು ಕೊಡ ಸರಿಮಾಡಿಕೊಂಡು ಹೋಗುತ್ತಿದ್ದಳು. ಬೆಳಗ್ಗೆ ಹಾಳೆ ಖಾಲಿಯಾಗಿರುತ್ತಿತ್ತು. ತಾಯಿ ಅದನ್ನು ಎಂಬತ್ತು ಸಲವಾದರೂ ಓದಿರಬೇಕು.

ರೋಹಿಣಿ ಮಳೆ ಹನಿಯುತ್ತಿದ್ದ ಒಂದು ಬೆಳಗ್ಗೆ ಅದೇ ಸಾಲನ್ನು ಬರೆಯಲು ಲೇಖನಿ ಅದ್ದಿದೆ. 'ಮೈಲಾರಪ್ಪ' ಎಂದು ಬರೆದೂ ಆಗಿತ್ತು. ಅಷ್ಟರಲ್ಲಿ ಬೀದಿಯ ಕಡೆಯಿಂದ ಶಾವಂತ್ರೆವ್ವನ ದನಿ ಕೇಳಿತು. "ಮಳಿ ಬರಾಕ ಹತ್ತೈತಿ, ಒಲಿ ಒಳಗ ತಗೊಂಡು ಬಾ."

"ಇರ್ಲಿ ಬಿಡು, ಇಲ್ಲೇ ಇರ್ಲಿ. ಆ ಸಂಚಿ ಇತ್ತ ಒಗಿ" ಎಂದು ಇನ್ನೊಂದು ದನಿ. ಕೆಮ್ಮಲಿಲ್ಲ.

ನೀಲಗಂಗವ್ವ ಕಸಬರಿಗೆ ಹಿಡಿದು ನಿಂತು ಆ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ನಾನು ಏಳಲಿಲ್ಲ. ಮೊದಲು ಸಾಲು ಮುಗಿಯಲಿ ಎಂದು ಕೂತೆ. 'ಮೈಲಾರಪ್ಪ ಬೀದಿಯಲ್ಲಿ ಒಲೆ ಹೂಡಿದ್ದಾನೆ, ನವಸಾಗರದ ವಾಸನೆ ಇಲ್ಲಿಯವರೆಗೆ ಬರುತ್ತಿದೆ' ಎಂದು ಬರೆದು, ಮಸಿ ಆರಲು ಹಾಳೆಯ ಮೇಲೆ ಕಲ್ಲು ಇಟ್ಟು, ಮನೆಗೆ ಹೋಗಿ ನನ್ನ ತಂಬಿಗೆ ತಂದೆ.